ಗಂಟೆ ಲೆಕ್ಕವೋ, ಕೆಲಸದ ಲೆಕ್ಕವೋ? ಎಟಿಸಿ ಮತ್ತು ಅಟ್ಸೆಪ್ ತರಬೇತಿ ಆಯ್ದುಕೊಳ್ಳುವವರಿಗೆ ಒಂದು ಮಾರ್ಗದರ್ಶಿ

ವಾಯು ಸಂಚಾರ ನಿಯಂತ್ರಕರಾಗಲು, ಅಂದರೆ ಕಂಟ್ರೋಲರ್ ಆಗಲು, ಕಲಿಯುತ್ತಿರುವ ಇಬ್ಬರು ಟ್ರೈನಿಗಳಿಗೆ ಸಿಮ್ಯುಲೇಟರ್‌ನಲ್ಲಿ ಒಂದೇ ಅಭ್ಯಾಸ ಕೊಟ್ಟಿದ್ದಾರೆ ಅಂದುಕೊಳ್ಳಿ. ಒಂದೇ ಎತ್ತರದಲ್ಲಿರುವ ಎರಡು ವಿಮಾನಗಳು ಒಂದೇ ಬಿಂದುವಿನತ್ತ ಬರುತ್ತಿವೆ. ಅವುಗಳ ನಡುವೆ ಕನಿಷ್ಠ 5 ನಾಟಿಕಲ್ ಮೈಲಿ ಅಂತರ ಉಳಿಯಬೇಕು. ಮೊದಲನೆಯವಳು ಹಲವು ನಿಮಿಷ ಮುಂಚೆಯೇ ಒಂದು ವಿಮಾನಕ್ಕೆ 10 ಡಿಗ್ರಿ ತಿರುವು ಕೊಟ್ಟಳು, ಪಕ್ಕದ ಸೆಕ್ಟರ್‌ಗೆ (ಆಕಾಶದ ಪಕ್ಕದ ಭಾಗ ನೋಡಿಕೊಳ್ಳುವವರಿಗೆ) ವಿಷಯ ತಿಳಿಸಿದಳು, ಮುಂದಿನ ಕರೆಗೆ ಹೋದಳು. ಎರಡನೆಯವನು ಕೊನೇ ಗಳಿಗೆಯಲ್ಲಿ 40 ಡಿಗ್ರಿ ತಿರುಗಿಸಿದ. ಅಷ್ಟು ಹೊತ್ತಿಗೆ ಅದೇ ಫ್ರೀಕ್ವೆನ್ಸಿಯಲ್ಲಿ ಮೂವರು ಪೈಲಟ್‌ಗಳು ಉತ್ತರಕ್ಕೆ ಕಾಯುತ್ತಿದ್ದರು, ಒಬ್ಬರು ತಮಗೆ ಹೇಳಿದ ಎತ್ತರವನ್ನು ತಪ್ಪಾಗಿ ತಿರುಗಿ ಹೇಳಿದ್ದು (ರೀಡ್‌ಬ್ಯಾಕ್) ಅವನ ಕಿವಿಗೆ ಬೀಳಲೇ ಇಲ್ಲ. ಆದರೂ ಇಬ್ಬರ ಪರದೆಯಲ್ಲೂ ಅಂತರ 5 ಮೈಲಿಗಿಂತ ಕೆಳಗಿಳಿಯಲಿಲ್ಲ. ಬರೀ ಫಲಿತಾಂಶ ನೋಡುವ ಪರೀಕ್ಷೆಯಲ್ಲಿ ಇಬ್ಬರೂ ಪಾಸು.

ಈ ಇಬ್ಬರ ನಡುವಿನ ವ್ಯತ್ಯಾಸವನ್ನು ನಿಮ್ಮ ತರಬೇತಿ ಪದ್ಧತಿ ಹಿಡಿದು ತೋರಿಸುತ್ತದೆಯೇ? ತರಬೇತಿ ಆಯ್ಕೆ ಮಾಡುವಾಗ ಕೇಳಬೇಕಾದ ಮೊದಲ ಪ್ರಶ್ನೆ ಇದು. ಉಳಿದದ್ದೆಲ್ಲ, ಅಂದರೆ ಸಿಮ್ಯುಲೇಟರ್ ಎಷ್ಟು ದುಬಾರಿ, ಕೋರ್ಸ್ ಎಷ್ಟು ವಾರ, ಸರ್ಟಿಫಿಕೇಟ್ ಯಾರು ಕೊಡುತ್ತಾರೆ ಎಂಬುದೆಲ್ಲ ಆಮೇಲಿನ ಮಾತು. ವಾಯು ಸಂಚಾರ ನಿಯಂತ್ರಣ (ಎಟಿಸಿ) ಕೇಂದ್ರಗಳ ತರಬೇತಿ ವಿಭಾಗದಲ್ಲಿ ಇರುವವರು, ಹೊರಗಿನ ಸಂಸ್ಥೆಯಿಂದ ಕೋರ್ಸ್ ಕೊಳ್ಳಲು ಹೊರಟವರು ಮತ್ತು ಈ ವೃತ್ತಿಗೆ ಕಾಲಿಡಲು ಯೋಚಿಸುತ್ತಿರುವವರು, ಮೂವರನ್ನೂ ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದ್ದೇನೆ. ಅಟ್ಸೆಪ್ ಎಂದರೆ ಈ ಕೇಂದ್ರಗಳ ಉಪಕರಣ ನೋಡಿಕೊಳ್ಳುವ ತಂತ್ರಜ್ಞರು.

ಎರಡು ಪದ್ಧತಿ, ಎರಡು ಆರಂಭ

ಹಳೆಯ ಪದ್ಧತಿ ಎಲ್ಲರಿಗೂ ಗೊತ್ತಿರುವುದೇ. ಪಠ್ಯಕ್ರಮ ಇರುತ್ತದೆ, ಇಷ್ಟು ವಾರ ತರಗತಿ, ಇಷ್ಟು ಸಿಮ್ಯುಲೇಟರ್ ಅಭ್ಯಾಸ, ಇಷ್ಟು ಗಂಟೆ ಹಿರಿಯರ ಕಣ್ಗಾವಲಿನಲ್ಲಿ ಕೆಲಸ, ಕೊನೆಗೊಂದು ಪರೀಕ್ಷೆ. ಇದನ್ನು ಹೀಗಳೆಯುವುದು ಈಗ ಫ್ಯಾಷನ್ನಾಗಿದೆ, ಆದರೆ ಇದರಲ್ಲಿ ಅನುಕೂಲಗಳಿವೆ. ಯಾವ ತಿಂಗಳಿಗೆ ಎಷ್ಟು ಜನ ಶಿಫ್ಟ್‌ಗೆ ಸಿಗುತ್ತಾರೆ ಎಂದು ರೋಸ್ಟರ್ ಹಾಕುವವರಿಗೆ ಮುಂಚಿತವಾಗಿ ಗೊತ್ತಿರುತ್ತದೆ. ಆಡಿಟ್‌ಗೆ ಬಂದವರಿಗೆ ಲಾಗ್‌ಬುಕ್ ತೆರೆದು ತೋರಿಸಿದರೆ ಮುಗಿಯಿತು. ಇನ್‌ಸ್ಟ್ರಕ್ಟರ್‌ಗಳಿಗೂ ವಿಶೇಷ ತಯಾರಿ ಬೇಕಾಗುವುದಿಲ್ಲ.

ಸಾಮರ್ಥ್ಯಾಧಾರಿತ ತರಬೇತಿ ತುದಿಯಿಂದ ಶುರುವಾಗುತ್ತದೆ. ಈ ಕೇಂದ್ರದಲ್ಲಿ, ಈ ಸೆಕ್ಟರ್‌ನಲ್ಲಿ, ಈ ಉಪಕರಣದೊಂದಿಗೆ ಕೆಲಸವನ್ನು ಸರಿಯಾಗಿ ಮಾಡುವವರು ಏನೇನು ಮಾಡುತ್ತಾರೆ ಎಂದು ಮೊದಲು ಬರೆದುಕೊಳ್ಳಬೇಕು. ಅದನ್ನು ಕಣ್ಣಿಗೆ ಕಾಣುವ, ಕಿವಿಗೆ ಕೇಳುವ ವರ್ತನೆಗಳಾಗಿ ಒಡೆಯಬೇಕು. ಯಾವ ಪರಿಸ್ಥಿತಿಯಲ್ಲಿ, ಯಾವ ಮಟ್ಟಕ್ಕೆ ಎಂಬುದನ್ನೂ ಸೇರಿಸಬೇಕು. ಆಮೇಲೆ ಹಿಂದಕ್ಕೆ ನಡೆದು, ಆ ಮಟ್ಟ ಮುಟ್ಟಲು ಏನು ಕಲಿಸಬೇಕು ಎಂದು ಯೋಚಿಸಬೇಕು. ವಿಶ್ವಸಂಸ್ಥೆಯ ನಾಗರಿಕ ವಿಮಾನಯಾನ ಸಂಸ್ಥೆಯಾದ ಐಕಾವೊದ ತರಬೇತಿ ಕಾರ್ಯವಿಧಾನ, ಅಂದರೆ ಡಾಕ್ಯುಮೆಂಟ್ 9868, ಇದಕ್ಕೆ ಐದು ಹಂತ ಹೇಳುತ್ತದೆ: ಅಗತ್ಯದ ವಿಶ್ಲೇಷಣೆ, ವಿನ್ಯಾಸ, ಸಾಮಗ್ರಿ ತಯಾರಿ, ತರಬೇತಿ ನಡೆಸುವುದು, ಕೊನೆಗೆ ಇಡೀ ತರಬೇತಿಯ ಮೌಲ್ಯಮಾಪನ. ಐದನೆಯದನ್ನು ಬಹಳ ಕಡೆ ಮರೆಯುತ್ತಾರೆ. ಮೊದಲನೆಯದನ್ನು ಇನ್ನೊಬ್ಬರ ಕಡತದಿಂದ ನಕಲು ಮಾಡುತ್ತಾರೆ.

ಈ ಡಾಕ್ಯುಮೆಂಟ್‌ನ ಮೊದಲ ಆವೃತ್ತಿ ಬಂದದ್ದು 2006ರಲ್ಲಿ, ಆಗ ಗಮನವೆಲ್ಲ ಪೈಲಟ್‌ಗಳ ಮೇಲಿತ್ತು. 2016ರಲ್ಲಿ ಕಂಟ್ರೋಲರ್‌ಗಳಿಗೂ, ರಾಡಾರ್, ರೇಡಿಯೊ, ಐಎಲ್‌ಎಸ್ (ವಿಮಾನ ರನ್‌ವೇಗೆ ಇಳಿಯಲು ದಾರಿ ತೋರಿಸುವ ರೇಡಿಯೊ ಸಾಧನ), ಡೇಟಾ ವ್ಯವಸ್ಥೆಗಳನ್ನು ನೋಡಿಕೊಳ್ಳುವ ತಂತ್ರಜ್ಞರಿಗೂ ಅಧ್ಯಾಯಗಳು ಸೇರಿದವು. ಈ ತಂತ್ರಜ್ಞರ ಅಧಿಕೃತ ಹೆಸರು ಏರ್ ಟ್ರಾಫಿಕ್ ಸೇಫ್ಟಿ ಎಲೆಕ್ಟ್ರಾನಿಕ್ಸ್ ಪರ್ಸನಲ್. ವೃತ್ತಿಯವರ ಬಾಯಲ್ಲಿ ಅದು ಅಟ್ಸೆಪ್. ಕಂಟ್ರೋಲರ್‌ಗಳಿಗೆ ಡಾಕ್ಯುಮೆಂಟ್ 10056, ಅಟ್ಸೆಪ್‌ಗೆ ಡಾಕ್ಯುಮೆಂಟ್ 10057 ಕೈಪಿಡಿಗಳು. 2020ರಲ್ಲಿ ಇಡೀ ಚೌಕಟ್ಟನ್ನು ಮತ್ತೊಮ್ಮೆ ತಿದ್ದಿ, ಎಲ್ಲ ವೃತ್ತಿಗಳಿಗೂ ಒಂದೇ ಪರಿಭಾಷೆ ತಂದರು.

ಆಯ್ಕೆ ಮಾಡುವವರು ಇಲ್ಲೊಂದು ವಿಷಯ ಗಮನಿಸಬೇಕು. ಕಂಟ್ರೋಲರ್ ವಿಚಾರದಲ್ಲಿ ಗಂಟೆ ಲೆಕ್ಕವನ್ನು ಪೂರ್ತಿ ಬಿಡುವ ಸ್ವಾತಂತ್ರ್ಯ ಯಾರಿಗೂ ಇಲ್ಲ. ಐಕಾವೊದ ಅನೆಕ್ಸ್ 1ರಲ್ಲಿ ಲೈಸೆನ್ಸ್‌ನ ಷರತ್ತುಗಳು ಹಾಗೆಯೇ ಉಳಿದಿವೆ: ಏರೋಡ್ರೋಮ್ ರೇಟಿಂಗ್‌ಗೆ (ರೇಟಿಂಗ್ ಎಂದರೆ ಒಂದು ಬಗೆಯ ನಿಯಂತ್ರಣ ಕೆಲಸದ ಅರ್ಹತೆ) ಮೇಲ್ವಿಚಾರಣೆಯಲ್ಲಿ 90 ಗಂಟೆ ಅಥವಾ ಒಂದು ತಿಂಗಳು, ಅಪ್ರೋಚ್ (ಇಳಿಯಲು ಬರುವ ವಿಮಾನಗಳ) ಮತ್ತು ಏರಿಯಾ (ಮಾರ್ಗಮಧ್ಯದ ವಿಮಾನಗಳ) ರೇಟಿಂಗ್‌ಗಳಿಗೆ 180 ಗಂಟೆ ಅಥವಾ ಮೂರು ತಿಂಗಳು, ಇವುಗಳಲ್ಲಿ ಯಾವುದು ಹೆಚ್ಚೋ ಅದು. ಹಾಗಾಗಿ "ನಮ್ಮಲ್ಲಿ ಗಂಟೆಗೆ ಬೆಲೆಯೇ ಇಲ್ಲ, ಸಾಮರ್ಥ್ಯವೊಂದೇ ಮುಖ್ಯ" ಎಂದು ಯಾವುದಾದರೂ ಸಂಸ್ಥೆ ಜಾಹೀರಾತು ಕೊಟ್ಟರೆ ಅವರು ನಿಯಮ ಓದಿಲ್ಲ ಎಂದೇ ಅರ್ಥ. ಗಂಟೆ ಎಂಬುದು ಕೆಳಗಿನ ಗೆರೆ. ಆ ಗೆರೆ ದಾಟಿದ ಮಾತ್ರಕ್ಕೆ ಕೆಲಸ ಬಂತು ಎಂದಾಗುವುದಿಲ್ಲ, ಅಷ್ಟೇ.

ಅಟ್ಸೆಪ್‌ಗೆ ಅಂತರರಾಷ್ಟ್ರೀಯ ಮಟ್ಟದಲ್ಲಿ ಅನೆಕ್ಸ್ 1ರ ಲೈಸೆನ್ಸೇ ಇಲ್ಲ. ಬೇಕಾದ ದೇಶಗಳು ತಮ್ಮದೇ ವ್ಯವಸ್ಥೆ ಮಾಡಿಕೊಂಡಿವೆ. ಐರೋಪ್ಯ ಒಕ್ಕೂಟದಲ್ಲಿ ಕಂಟ್ರೋಲರ್‌ಗಳ ಲೈಸೆನ್ಸಿಗೆ 2015/340 ಎಂಬ ನಿಯಮಾವಳಿ ಇದ್ದರೆ, ಅಟ್ಸೆಪ್ ತರಬೇತಿ 2017/373ರ ಅಡಿ ಬರುತ್ತದೆ, ಅದು ಜಾರಿಯಾದದ್ದು 2020ರ ಜನವರಿ 2ರಿಂದ. ಲೈಸೆನ್ಸೂ ಇಂಥ ನಿಯಮಾವಳಿಯೂ ಇಲ್ಲದ ಕಡೆ ತರಬೇತಿಯ ಗುಣಮಟ್ಟ ಬಹುಪಾಲು ಉದ್ಯೋಗದಾತರ ಮನಸ್ಸಿಗೆ ಬಿಟ್ಟದ್ದು. ಆದ್ದರಿಂದಲೇ ಪದ್ಧತಿಯ ಆಯ್ಕೆ ಕಂಟ್ರೋಲರ್‌ಗಿಂತ ಅಟ್ಸೆಪ್ ವಿಚಾರದಲ್ಲಿ ಹೆಚ್ಚು ತೂಕದ್ದು ಎಂದು ನನ್ನ ಅಭಿಪ್ರಾಯ. ಆದರೆ ಬಜೆಟ್ ಕೂತು ಬರೆಯುವಾಗ ಕಂಟ್ರೋಲರ್ ಸಾಲು ಮೊದಲು ತುಂಬುತ್ತದೆ, ಅಟ್ಸೆಪ್ ಸಾಲಿಗೆ ಉಳಿದದ್ದು ಬರುತ್ತದೆ.

ಕಂಟ್ರೋಲರ್: ಫಲಿತಾಂಶ ಒಂದೇ ಸಾಲದು

ಐಕಾವೊದ ಕಂಟ್ರೋಲರ್ ಚೌಕಟ್ಟಿನಲ್ಲಿ ಹತ್ತು ಸಾಮರ್ಥ್ಯಗಳಿವೆ. ಅಂತರ ಕಾಯುವುದು ಮತ್ತು ಸಂಘರ್ಷ ಬಿಡಿಸುವುದು ಅವುಗಳಲ್ಲಿ ಒಂದು ಮಾತ್ರ. ಸನ್ನಿವೇಶದ ಅರಿವು, ಸಂಚಾರದ ಮತ್ತು ಧಾರಣಶಕ್ತಿಯ ನಿರ್ವಹಣೆ, ಸಂವಹನ, ಸಮನ್ವಯ, ಅಸಾಮಾನ್ಯ ಸನ್ನಿವೇಶಗಳ ನಿರ್ವಹಣೆ, ಸಮಸ್ಯೆ ಬಿಡಿಸಿ ನಿರ್ಧಾರ ತೆಗೆದುಕೊಳ್ಳುವುದು, ಕೆಲಸದ ಹೊರೆಯ ನಿರ್ವಹಣೆ, ತಂಡದ ಕೆಲಸ, ತನ್ನನ್ನು ತಾನು ತಿದ್ದಿಕೊಳ್ಳುವುದು ಉಳಿದವು. ಮೊದಲು ಹೇಳಿದ ಇಬ್ಬರು ಟ್ರೈನಿಗಳನ್ನು ಈ ಪಟ್ಟಿಯ ಎದುರು ನಿಲ್ಲಿಸಿದರೆ ಅಂತರದ ಕಲಂನಲ್ಲಿ ಇಬ್ಬರಿಗೂ ಸರಿ ಗುರುತು ಬೀಳುತ್ತದೆ. ಹೊರೆ ನಿರ್ವಹಣೆ, ಸಂವಹನ, ಸಮನ್ವಯದ ಕಲಂಗಳಲ್ಲಿ ಎರಡನೆಯವನ ಕಥೆ ಹೊರಗೆ ಬರುತ್ತದೆ. ಅವನು ಇವತ್ತು ಬಚಾವಾದ. ಇನ್ನೆರಡು ವಿಮಾನ ಹೆಚ್ಚಾಗಿದ್ದರೆ ಆಗುತ್ತಿರಲಿಲ್ಲ. ಆ ಮಾಹಿತಿ ಇನ್‌ಸ್ಟ್ರಕ್ಟರ್‌ಗೆ ಮೂರನೇ ವಾರದಲ್ಲಿ ಸಿಕ್ಕರೆ ತಿದ್ದಬಹುದು. ಕೊನೇ ಪರೀಕ್ಷೆಯ ದಿನ ಸಿಕ್ಕರೆ ಏನೂ ಮಾಡುವಂತಿಲ್ಲ.

ಇಲ್ಲಿ ಸಾಮರ್ಥ್ಯಾಧಾರಿತ ಪದ್ಧತಿ ನಿಚ್ಚಳವಾಗಿ ಗೆಲ್ಲುತ್ತದೆ. ಆದರೆ ಒಂದು ಎಚ್ಚರಿಕೆ. "ಸನ್ನಿವೇಶದ ಅರಿವು ಉತ್ತಮ" ಎಂದು ಬರೆಯುವುದು ಮೌಲ್ಯಮಾಪನ ಅಲ್ಲ. ಅರಿವು ತಲೆಯೊಳಗೆ ಇರುವಂಥದ್ದು, ಅದು ಯಾರ ಕಣ್ಣಿಗೂ ಕಾಣುವುದಿಲ್ಲ. ಕಾಣುವುದೇನು? ಪೈಲಟ್ ಕೇಳುವ ಮೊದಲೇ ಹವಾಮಾನದ ತಿರುವನ್ನು ನಿರೀಕ್ಷಿಸಿ ಪಕ್ಕದ ಸೆಕ್ಟರ್‌ಗೆ ಫೋನ್ ಮಾಡಿದ್ದು. ತಪ್ಪು ರೀಡ್‌ಬ್ಯಾಕನ್ನು ತಕ್ಷಣ ಹಿಡಿದು ತಿದ್ದಿದ್ದು. ಟ್ರಾಫಿಕ್ ಏರುವ ಮುಂಚೆ ಸೆಕ್ಟರ್ ಒಡೆಯಲು ಸೂಪರ್‌ವೈಸರ್‌ಗೆ ಹೇಳಿದ್ದು. ನೀವು ಕೊಳ್ಳಲಿರುವ ಕೋರ್ಸಿನ ಮೌಲ್ಯಮಾಪನ ಹಾಳೆಯಲ್ಲಿ ಇಂಥ ಕ್ರಿಯಾಪದಗಳಿವೆಯೋ, ಬರೀ ಗುಣವಾಚಕಗಳಿವೆಯೋ ನೋಡಿ. ಗುಣವಾಚಕಗಳಷ್ಟೇ ಇದ್ದರೆ ಹಳೆಯ ಪದ್ಧತಿಗೆ ಹೊಸ ಬಣ್ಣ ಬಳಿದಿದ್ದಾರೆ ಎಂದುಕೊಳ್ಳಿ.

ಅಟ್ಸೆಪ್: ಏನೂ ಕೆಡದ ಸಾವಿರ ಗಂಟೆ

ತಂತ್ರಜ್ಞರ ಕೆಲಸದ ಸ್ವರೂಪವೇ ಬೇರೆ. ಕಂಟ್ರೋಲರ್ ಒಂದು ಶಿಫ್ಟ್‌ನಲ್ಲಿ ನೂರಾರು ಸಣ್ಣ ನಿರ್ಧಾರ ಮಾಡುತ್ತಾರೆ, ಅಂದರೆ ಒಂದು ಗಂಟೆ ಕಳೆದರೆ ಒಂದು ಗಂಟೆಯ ಅಭ್ಯಾಸವಾದರೂ ಆಗುತ್ತದೆ. ಇಂದಿನ ರಾಡಾರ್, ವಾಯ್ಸ್ ಸ್ವಿಚ್ (ರೇಡಿಯೊ, ಫೋನ್ ಮಾತುಗಳನ್ನು ಜೋಡಿಸುವ ಸಾಧನ), ಡೇಟಾ ಪ್ರೊಸೆಸಿಂಗ್ ವ್ಯವಸ್ಥೆಗಳು ಸುಲಭಕ್ಕೆ ಕೆಡುವುದಿಲ್ಲ, ಕೆಟ್ಟರೂ ಒಂದು ಭಾಗ ನಿಂತಾಗ ಇನ್ನೊಂದು ತಾನೇ ಹೊತ್ತುಕೊಳ್ಳುತ್ತದೆ. ಟ್ರೈನಿ ತಂತ್ರಜ್ಞ ತಿಂಗಳುಗಟ್ಟಲೆ ಶಿಫ್ಟ್ ಕೂತರೂ ಒಂದು ನಿಜವಾದ ದೊಡ್ಡ ದೋಷ ಕಾಣದೆ ಇರಬಹುದು. ಲಾಗ್‌ಬುಕ್‌ನಲ್ಲಿ ಗಂಟೆ ಏರುತ್ತದೆ, ಕೈಗೆ ಏನೂ ಹತ್ತಿರುವುದಿಲ್ಲ. ಆದ್ದರಿಂದ ಅಟ್ಸೆಪ್‌ಗೆ ಗಂಟೆ ಲೆಕ್ಕ ಕಂಟ್ರೋಲರ್‌ಗಿಂತಲೂ ಕಡಿಮೆ ಅರ್ಥದ್ದು. ಅಲ್ಲಿ ಬೇಕಾದದ್ದು ಬೇಕೆಂದೇ ದೋಷ ಹಾಕಿ ಹುಡುಕಿಸುವ ಟೆಸ್ಟ್ ಬೆಂಚ್, ಇಲ್ಲವೇ ಸೇವೆಯಲ್ಲಿಲ್ಲದ ಎರಡನೇ ಸೆಟ್.

ಎರಡು ಘಟನೆ ಹೇಳುತ್ತೇನೆ, ಎರಡೂ ದಾಖಲಾಗಿರುವಂಥವು.

2004ರ ಸೆಪ್ಟೆಂಬರ್ 14ರಂದು ಲಾಸ್ ಏಂಜಲೀಸ್ ವಲಯ ನಿಯಂತ್ರಣ ಕೇಂದ್ರದ ಧ್ವನಿ ಸಂಪರ್ಕ ವ್ಯವಸ್ಥೆ ನಿಂತುಹೋಯಿತು. ನೂರಾರು ವಿಮಾನಗಳ ಓಡಾಟಕ್ಕೆ ಪೆಟ್ಟು ಬಿತ್ತು, ಕಂಟ್ರೋಲರ್‌ಗಳಿಗೆ ಪೈಲಟ್‌ಗಳೊಂದಿಗೆ ಮಾತಾಡಲಾಗದ ಸ್ಥಿತಿ. ಕಾರಣ ಒಂದು ಎಣಿಕೆಯ ಗಡಿಯಾರ. ಮಿಲಿಸೆಕೆಂಡುಗಳಲ್ಲಿ ಎಣಿಸುತ್ತ ಹೋಗುವ 32 ಬಿಟ್ ಕೌಂಟರ್ 49.7 ದಿನಕ್ಕೆ ತುಂಬಿಹೋಗುತ್ತದೆ. ಅದು ಗೊತ್ತಿದ್ದರಿಂದಲೇ ಪ್ರತಿ 30 ದಿನಕ್ಕೊಮ್ಮೆ ವ್ಯವಸ್ಥೆಯನ್ನು ಕೈಯಾರೆ ಮರುಚಾಲನೆ ಮಾಡಬೇಕೆಂಬ ನಿಯಮವಿತ್ತು, ಆ ಸಲ ಅದು ಆಗಲಿಲ್ಲ. ಬ್ಯಾಕಪ್ ಕೂಡ ಕೈಕೊಟ್ಟಿತು. ಇಲ್ಲಿ ತರಬೇತಿಯ ಪಾಠ ಯಾವುದು? "30 ದಿನಕ್ಕೊಮ್ಮೆ ರೀಸ್ಟಾರ್ಟ್" ಎಂಬ ಸಾಲನ್ನು ಚೆಕ್‌ಲಿಸ್ಟ್‌ನಲ್ಲಿ ಓದಿದವನಿಗೂ, ಮಾಡದಿದ್ದರೆ ಏನಾಗುತ್ತದೆ ಎಂದು ತಿಳಿದವನಿಗೂ ಅಜಗಜಾಂತರ. ಮೊದಲನೆಯವನಿಗೆ ಅದು ಇತರ ಇಪ್ಪತ್ತು ಕೆಲಸಗಳಂತೆ ಒಂದು, ನಾಳೆ ಮಾಡಿದರೂ ಆದೀತು. (ಇಂಥ ದೋಷವನ್ನು ಸಾಫ್ಟ್‌ವೇರ್‌ನಲ್ಲೇ ಸರಿಪಡಿಸದೆ ಮನುಷ್ಯನ ನೆನಪಿಗೆ ನೇತುಹಾಕಿದ್ದು ಬೇರೆಯೇ ಚರ್ಚೆ.)

ಇನ್ನೊಂದು 2000ದ ಜುಲೈ 29ರದು, ಸಮೋವಾದ ಅಪಿಯಾದಲ್ಲಿ. ಏರ್ ನ್ಯೂಜಿಲೆಂಡ್‌ನ ಬೋಯಿಂಗ್ 767 ರಾತ್ರಿ ಇಳಿಯುತ್ತಿತ್ತು. ಕೆಲಸಗಾರರ ಅಗೆತದಲ್ಲಿ ಕೇಬಲ್ ಹಾಳಾಗಿದ್ದರಿಂದ ಐಎಲ್‌ಎಸ್‌ನ ಸ್ಥಿತಿ ತೋರಿಸುವ ಸೂಚನೆ ಟವರ್‌ಗೆ ತಲುಪುತ್ತಿರಲಿಲ್ಲ. ಇಳಿಯುವ ಇಳಿಜಾರು ತೋರಿಸುವ ಗ್ಲೈಡ್ ಪಾತ್ ಟ್ರಾನ್ಸ್‌ಮಿಟರ್ ನಿರ್ವಹಣೆಯ ವೇಳೆ ಬೈಪಾಸ್ ಸ್ಥಿತಿಯಲ್ಲಿ ಉಳಿದುಬಿಟ್ಟಿತ್ತು. ಅಂದರೆ ಸಿಗ್ನಲ್ ಕೆಟ್ಟರೆ ತಾನಾಗಿ ನಿಲ್ಲಿಸಬೇಕಾದ ಕಾವಲು ಮಲಗಿತ್ತು. ಪೈಲಟ್‌ಗಳ ಮುಂದಿನ ಮಾಪಕ ಮಾತ್ರ "ಸರಿಯಾದ ಇಳಿಜಾರಿನಲ್ಲಿದ್ದೀರಿ" ಎಂದೇ ತೋರಿಸುತ್ತಿತ್ತು. ರನ್‌ವೇ ಇನ್ನೂ ಮೈಲಿಗಟ್ಟಲೆ ದೂರವಿರುವಾಗ ಏನೋ ಎಡವಟ್ಟಾಗಿದೆ ಎಂದು ಅವರಿಗೆ ಹೊಳೆದು, ಕೆಲವೇ ನೂರು ಅಡಿ ಎತ್ತರದಿಂದ ಮತ್ತೆ ಮೇಲೇರಿದರು. ಯಾರಿಗೂ ಏನೂ ಆಗಲಿಲ್ಲ.

ಐಎಲ್‌ಎಸ್ ಕೋಣೆಯಲ್ಲಿ ಬೈಪಾಸ್ ಹಾಕುವುದು ಮಾಮೂಲಿ ಕೆಲಸ, ಇಲ್ಲದಿದ್ದರೆ ಅಳತೆ ಮಾಡುವಾಗ ಉಪಕರಣ ತಾನೇ ಬಂದ್ ಆಗುತ್ತದೆ. ಕ್ಯಾಟಗರಿ 1ರ ಐಎಲ್‌ಎಸ್‌ನಲ್ಲಿ ರನ್‌ವೇಯ ನಡುಗೆರೆ ತೋರಿಸುವ ಲೋಕಲೈಸರ್ ದೋಷ ಕಂಡ 10 ಸೆಕೆಂಡಿನೊಳಗೆ ನಿಲ್ಲಬೇಕು, ತೀರಾ ಮಂಜಿನಲ್ಲೂ ಇಳಿಸುವ ಕ್ಯಾಟಗರಿ 3ರಲ್ಲಿ 2 ಸೆಕೆಂಡಿನೊಳಗೆ. ಕಾವಲು ಅಷ್ಟು ಚುರುಕು. ತಂತ್ರಜ್ಞ ಟವರ್‌ಗೆ ಫೋನ್ ಮಾಡಿ ಉಪಕರಣವನ್ನು ಸೇವೆಯಿಂದ ತೆಗೆಸಿಕೊಳ್ಳುತ್ತಾರೆ, ಗುರುತಿನ ಮೋರ್ಸ್ ಸಂಕೇತ ನಿಲ್ಲಿಸುತ್ತಾರೆ, ಬೈಪಾಸ್ ಹಾಕುತ್ತಾರೆ, ಮಾಡ್ಯುಲೇಶನ್ ಅಳೆಯುತ್ತಾರೆ, ಬರೆದುಕೊಳ್ಳುತ್ತಾರೆ. ಇಷ್ಟು ಪರೀಕ್ಷೆಯಲ್ಲಿ ಎಲ್ಲರೂ ಮಾಡಿ ತೋರಿಸುತ್ತಾರೆ. ನಡುವೆ ಫೋನ್ ಬಂದು ಇನ್ನೊಂದು ಕಡೆಗೆ ಓಡಬೇಕಾಗಿ ಬಂದು, ಅರ್ಧ ಗಂಟೆಯ ನಂತರ ತಿರುಗಿ ಬಂದಾಗ ಎಲ್ಲಿ ನಿಲ್ಲಿಸಿದ್ದೆ ಎಂದು ಹೇಗೆ ತಿಳಿದುಕೊಳ್ಳುತ್ತಾರೆ? ಬೈಪಾಸ್ ತೆಗೆದದ್ದನ್ನು ಯಾರ ಕಣ್ಣಿಂದ ಇನ್ನೊಮ್ಮೆ ಖಾತ್ರಿ ಮಾಡಿಸುತ್ತಾರೆ? ಸೇವೆಗೆ ಒಪ್ಪಿಸುವ ಮುಂಚೆ ಟವರ್‌ನಲ್ಲಿ ಯಾವ ದೀಪ ಕಾಣಬೇಕು ಎಂದು ಕೇಳಿ ಖಚಿತಪಡಿಸುತ್ತಾರೆಯೇ? ಈ ಮೂರು ಪ್ರಶ್ನೆಗೆ ಉತ್ತರ ಕಾಣಿಸುವಂತೆ ಅಭ್ಯಾಸ ಕಟ್ಟಿದ್ದರೆ ಅದು ಸಾಮರ್ಥ್ಯದ ತರಬೇತಿ.

ಅಟ್ಸೆಪ್ ಆಯ್ಕೆಯಲ್ಲಿ ಎದುರಾಗುವ ಇನ್ನೊಂದು ಗೊಂದಲ: ಉಪಕರಣ ತಯಾರಕರ ಕೋರ್ಸ್ ಸಾಕೇ? ಅದು ಬೇಕೇ ಬೇಕು, ಕಾರ್ಡಿನ ಮಟ್ಟಕ್ಕೆ ಇಳಿದು ಹೇಳಿಕೊಡಬಲ್ಲವರು ಅವರೇ. ಆದರೆ ಅವರು ಕಲಿಸುವುದು ಪೆಟ್ಟಿಗೆಯನ್ನು. ಆ ಪೆಟ್ಟಿಗೆ ನಿಮ್ಮ ಕೇಂದ್ರದಲ್ಲಿ ಯಾವ ಕೊಂಡಿಯಿಂದ ಯಾರಿಗೆ ಸೇವೆ ಕೊಡುತ್ತಿದೆ, ಆಫ್ ಮಾಡುವ ಮುನ್ನ ಯಾರನ್ನು ಕೇಳಬೇಕು ಎಂಬುದು ಅವರಿಗೆ ಗೊತ್ತಿರುವುದಿಲ್ಲ. ಐರೋಪ್ಯ ವ್ಯವಸ್ಥೆ ಇದನ್ನು ಮೆಟ್ಟಿಲುಗಳಾಗಿ ಒಡೆದಿದೆ: ಮೊದಲು ಎಲ್ಲರಿಗೂ ಮೂಲ ತರಬೇತಿ, ನಂತರ ಸಂಪರ್ಕ, ನ್ಯಾವಿಗೇಶನ್ ಸಾಧನ, ರಾಡಾರ್‌ನಂಥ ಕಣ್ಗಾವಲು, ಡೇಟಾ, ವ್ಯವಸ್ಥೆಯ ಮೇಲ್ವಿಚಾರಣೆ ಮುಂತಾದ ಶಾಖೆಗಳ ಅರ್ಹತಾ ತರಬೇತಿ, ಕೊನೆಗೆ ನಿರ್ದಿಷ್ಟ ಉಪಕರಣದ ಮೇಲೆ ಕೆಲಸ ಮಾಡುವ ರೇಟಿಂಗ್. ತಯಾರಕರ ಕೋರ್ಸ್ ಈ ಕೊನೇ ಮೆಟ್ಟಿಲಿನ ಒಂದು ಭಾಗ. ಮೊದಲ ಎರಡನ್ನು ಹಾರಿ ನೇರ ಅಲ್ಲಿಗೆ ಕಳಿಸಿದರೆ ದುಡ್ಡು ನೀರಿನಲ್ಲಿ ಹೋಮ.

ಸಿಮ್ಯುಲೇಟರ್‌ಗೆ ಎಷ್ಟು ಸುರಿಯಬೇಕು

ಇದಕ್ಕೆ ಉತ್ತರ ಚಿಕ್ಕದು. ಮೂಲ ಹಂತದಲ್ಲಿ ಅಗ್ಗದ್ದು ಸಾಕು. ಶಬ್ದಾವಳಿ ಬಾಯಿಗೆ ಹತ್ತಿಸಲು, ವೆಕ್ಟರ್ ಲೆಕ್ಕ (ವಿಮಾನಕ್ಕೆ ದಿಕ್ಕು ಕೊಟ್ಟು ತಿರುಗಿಸುವುದು) ಕಲಿಸಲು ಒಂದು ಕಂಪ್ಯೂಟರ್, ಒಂದು ಹೆಡ್‌ಸೆಟ್, ಪೈಲಟ್ ಪಾತ್ರಕ್ಕೆ ಒಬ್ಬರು ಇದ್ದರೆ ಆಗುತ್ತದೆ. ಯುನಿಟ್ ತರಬೇತಿಗೆ, ಅಂದರೆ ತಾನು ಕೆಲಸ ಮಾಡಲಿರುವ ಕೇಂದ್ರದ ತರಬೇತಿಗೆ, ಬಂದಾಗ, ಅದರಲ್ಲೂ ನಿಜವಾದ ಸೆಕ್ಟರ್‌ನಲ್ಲಿ ಕೂರುವ ಮುಂಚಿನ ಹಂತದಲ್ಲಿ, ನಿಮ್ಮದೇ ಪರದೆ, ನಿಮ್ಮದೇ ವಾಯುಪ್ರದೇಶ, ನಿಮ್ಮದೇ ಫೋನ್ ಗುಂಡಿಗಳಿರುವ ಸಿಮ್ಯುಲೇಟರ್ ಬೇಕು. 360 ಡಿಗ್ರಿ ಟವರ್ ದೃಶ್ಯಕ್ಕೆ ದೊಡ್ಡ ಮೊತ್ತ ಸುರಿದು, ಸನ್ನಿವೇಶ ಬರೆಯುವವರನ್ನು ನೇಮಿಸದೆ ಬಿಟ್ಟ ಕಡೆಗಳಲ್ಲಿ ಟ್ರೈನಿಗಳು ಹಿಂದಿನ ಬ್ಯಾಚಿನವರಿಂದ ಅಭ್ಯಾಸಗಳನ್ನು ಬಾಯಿಪಾಠ ಮಾಡಿಕೊಂಡು ಬರುತ್ತಾರೆ. ಸಿಮ್ಯುಲೇಟರ್‌ಗಿಂತ ಸನ್ನಿವೇಶಗಳ ಗುಣಮಟ್ಟಕ್ಕೆ ಖರ್ಚು ಮಾಡಿ.

ನೇರ ಕೆಲಸದ ತರಬೇತಿಗೆ ಬದಲಿ ಇಲ್ಲ. ಪಕ್ಕದಲ್ಲಿ ಕೂತ ಇನ್‌ಸ್ಟ್ರಕ್ಟರ್‌ಗೆ ಟ್ರೈನಿಯ ಮಾತನ್ನು ತಡೆದು ತಾನೇ ಮಾತಾಡುವ ಸೌಲಭ್ಯ ಇರುತ್ತದೆ, ಅದೇ ಸುರಕ್ಷೆಯ ಕೊನೇ ಕಟ್ಟೆ. ಯಾವಾಗ ತಡೆಯಬೇಕು, ಎಷ್ಟು ಹೊತ್ತು ಸುಮ್ಮನಿದ್ದು ಟ್ರೈನಿಗೇ ಬಿಡಿಸಿಕೊಳ್ಳಲು ಬಿಡಬೇಕು ಎಂಬುದು ಕಂಟ್ರೋಲರ್ ಆಗಿ ಎಷ್ಟೇ ಪಳಗಿದವರಿಗೂ ತಾನಾಗಿ ಬರುವುದಿಲ್ಲ. ಅದನ್ನು ಕಲಿಯಬೇಕು. ಒಳ್ಳೆಯ ಕಂಟ್ರೋಲರ್‌ಗಳನ್ನೆಲ್ಲ ಇನ್‌ಸ್ಟ್ರಕ್ಟರ್ ಮಾಡುವ ಪದ್ಧತಿ ಎರಡೂ ಕಡೆ ನಷ್ಟ ತರುತ್ತದೆ.

ಅಳೆಯುವುದು ಯಾರು, ಯಾವಾಗ

ಗಂಟೆ ಪದ್ಧತಿಯಲ್ಲಿ ಅಳತೆ ಕೊನೆಯಲ್ಲಿ, ಒಂದು ದಿನ, ಒಬ್ಬ ಪರೀಕ್ಷಕ. ಆ ದಿನದ ಟ್ರಾಫಿಕ್ ತೆಳುವಾಗಿದ್ದರೆ ಅದೃಷ್ಟ. ಸಾಮರ್ಥ್ಯ ಪದ್ಧತಿಯಲ್ಲಿ ದಾರಿಯಲ್ಲಿ ಮೈಲಿಗಲ್ಲುಗಳಿರುತ್ತವೆ, ಪ್ರತಿಯೊಂದಕ್ಕೂ ಮಧ್ಯಂತರ ಮಟ್ಟ, ಕೊನೆಗೆ ಅಂತಿಮ ಮಟ್ಟ. ಪ್ರತಿದಿನದ ಅವಲೋಕನವೂ ದಾಖಲಾಗುತ್ತದೆ. ಕೇಳಲು ಚೆಂದ, ನಡೆಸುವುದು ಕಷ್ಟ. ಎಡವುವುದು ಸಾಮಾನ್ಯವಾಗಿ ಮೂರು ಕಡೆ.

ಒಂದು, ಹಾಳೆಯ ಉದ್ದ. ಪ್ರತಿ ಶಿಫ್ಟ್ ಮುಗಿದ ಮೇಲೆ ಎಪ್ಪತ್ತು ವರ್ತನೆಗಳಿಗೆ ಅಂಕ ಹಾಕಬೇಕೆಂದರೆ ಇನ್‌ಸ್ಟ್ರಕ್ಟರ್ ಎಲ್ಲದಕ್ಕೂ ಮೂರು ಹಾಕಿ ಮನೆಗೆ ಹೋಗುತ್ತಾರೆ. ಇವತ್ತಿನ ಟ್ರಾಫಿಕ್‌ನಲ್ಲಿ ನಿಜವಾಗಿ ಕಂಡ ನಾಲ್ಕೈದನ್ನು ಮಾತ್ರ ಬರೆದು, ಕಾಣದಿದ್ದಕ್ಕೆ "ಅವಕಾಶ ಬರಲಿಲ್ಲ" ಎಂದು ಬರೆಯಲು ಬಿಡಬೇಕು. ಎರಡು, ಕಲಿಸುವವರೇ ಅಂತಿಮ ತೀರ್ಪು ಕೊಡುವುದು. ತಿಂಗಳುಗಟ್ಟಲೆ ಪಕ್ಕದಲ್ಲಿ ಕೂತವರಿಗೆ ಇಲ್ಲ ಎನ್ನುವುದು ಕಷ್ಟ. ತೀರ್ಪು ಕೊಡುವ ಅಸೆಸರ್ ಬೇರೆಯವರಿರಲಿ. ಮೂರನೆಯದೇ ಬಹಳ ಸೂಕ್ಷ್ಮವಾದದ್ದು: ಇಬ್ಬರು ಅಸೆಸರ್‌ಗಳ ಅಳತೆಗೋಲು ಒಂದೇ ಇದೆಯೇ? ಒಂದೇ ರೆಕಾರ್ಡಿಂಗನ್ನು ಎಲ್ಲ ಅಸೆಸರ್‌ಗಳಿಗೂ ಬೇರೆಬೇರೆಯಾಗಿ ತೋರಿಸಿ ಅಂಕ ಹಾಕಿಸಿ, ಆಮೇಲೆ ಒಟ್ಟಿಗೆ ಕೂರಿಸಿ. ಮೊದಲ ಸಲ ಅಂಕಗಳು ಎಷ್ಟು ದೂರ ಇರುತ್ತವೆ ಎಂದು ನೋಡಿದರೆ ಅವರಿಗೇ ನಗು ಬರುತ್ತದೆ. ಈ ಕೆಲಸ ಮಾಡದ ಸಂಸ್ಥೆಗೆ ಸಾಮರ್ಥ್ಯಾಧಾರಿತ ಎಂಬ ಹೆಸರು ಒಪ್ಪುವುದಿಲ್ಲ.

ಒಟ್ಟಿಗೆ ಕಲಿಸಬೇಕೇ, ಬೇರೆಬೇರೆಯೇ

ಕಂಟ್ರೋಲರ್ ಒಂದು ಕಟ್ಟಡ, ತಂತ್ರಜ್ಞ ಇನ್ನೊಂದು ಕಟ್ಟಡ. ಹೆಚ್ಚಿನ ಕಡೆ ತರಬೇತಿಯೂ ಹೀಗೇ. ಮೂಲ ವಿಷಯದಲ್ಲಿ ಅದು ಸರಿ, ಒಬ್ಬರಿಗೆ ಬೇಕಾದ ಆಂಟೆನಾ ಸಿದ್ಧಾಂತ ಇನ್ನೊಬ್ಬರಿಗೆ ಬೇಡ. ಆದರೆ ಎರಡೂ ಚೌಕಟ್ಟುಗಳನ್ನು ಎದುರುಬದುರು ಇಟ್ಟು ನೋಡಿ. ಅಟ್ಸೆಪ್ ಪಟ್ಟಿಯಲ್ಲಿ ಎಂಜಿನಿಯರಿಂಗ್, ಸೇವೆ ಒದಗಿಸುವಿಕೆ ಬಂದವು, ಅಂತರ ಕಾಯುವುದು, ಸಂಚಾರ ನಿರ್ವಹಣೆ ಹೋದವು. ಸಮನ್ವಯ, ಸಂವಹನ, ಅಸಾಮಾನ್ಯ ಸನ್ನಿವೇಶ, ತಂಡದ ಕೆಲಸ ಎರಡರಲ್ಲೂ ಇವೆ.

2002ರ ಜುಲೈ 1ರ ರಾತ್ರಿ ಜರ್ಮನಿಯ ಊಬರ್‌ಲಿಂಗನ್ ಮೇಲೆ ಒಂದು ಟುಪೊಲೆವ್ 154 ಮತ್ತು ಒಂದು ಬೋಯಿಂಗ್ 757 ಡಿಕ್ಕಿಯಾಗಿ 71 ಜನ ಸತ್ತರು. ಆ ಆಕಾಶವನ್ನು ನೋಡಿಕೊಳ್ಳುತ್ತಿದ್ದ ಜ್ಯೂರಿಚ್ ಕೇಂದ್ರದಲ್ಲಿ ಆ ರಾತ್ರಿ ವ್ಯವಸ್ಥೆಯ ಮೇಲೆ ತಾಂತ್ರಿಕ ಕೆಲಸ ನಡೆಯುತ್ತಿತ್ತು. ಅದರಿಂದಾಗಿ ಡಿಕ್ಕಿಯ ಮುನ್ಸೂಚನೆ ಪರದೆಯಲ್ಲಿ ಕಾಣುತ್ತಿರಲಿಲ್ಲ. ಮುಖ್ಯ ಫೋನ್ ಸಂಪರ್ಕ ಬಂದ್ ಆಗಿತ್ತು, ಬದಲಿ ಲೈನ್‌ನಲ್ಲೂ ದೋಷ. ಅಪಾಯ ಕಂಡ ಕಾರ್ಲ್ಸ್‌ರೂಹ ಕೇಂದ್ರದವರು ಎಷ್ಟು ಸಲ ಕರೆ ಮಾಡಿದರೂ ಸಂಪರ್ಕ ಸಿಗಲಿಲ್ಲ. ಇತ್ತ ಒಬ್ಬರೇ ಕಂಟ್ರೋಲರ್ ಎರಡು ಪರದೆ ನೋಡುತ್ತಿದ್ದರು, ತನ್ನ ಕೈಯಲ್ಲಿ ಯಾವ ಸೌಲಭ್ಯ ಇಲ್ಲ ಎಂಬುದು ಅವರಿಗೆ ಪೂರ್ತಿ ತಿಳಿದಿರಲಿಲ್ಲ. ಅಪಘಾತಕ್ಕೆ ಬೇರೆ ಕಾರಣಗಳೂ ಇದ್ದವು, ವಿಮಾನದೊಳಗಿನ ಎಚ್ಚರಿಕೆ ಸಾಧನ ಒಂದು ಹೇಳಿತು, ಕಂಟ್ರೋಲರ್ ಇನ್ನೊಂದು ಹೇಳಿದರು. ತರಬೇತಿಯ ಕಣ್ಣಿಂದ ನೋಡಿದರೆ ನನಗೆ ಕಾಣುವುದು ಒಂದು ಆಗದ ಮಾತುಕತೆ: "ಇವತ್ತು ರಾತ್ರಿ ಇದನ್ನು ತೆಗೆಯುತ್ತಿದ್ದೇವೆ, ಹಾಗಾಗಿ ನಿಮಗೆ ಇವಿಷ್ಟು ಇರುವುದಿಲ್ಲ" ಎಂದು ತಂತ್ರಜ್ಞ ಹೇಳುವುದು, "ಹಾಗಾದರೆ ನನಗೆ ಇನ್ನೊಬ್ಬರು ಬೇಕು" ಎಂದು ಕಂಟ್ರೋಲರ್ ಹೇಳುವುದು.

ಈ ಸಂಭಾಷಣೆಯನ್ನು ಅಭ್ಯಾಸ ಮಾಡಿಸಲು ದುಬಾರಿ ಯಂತ್ರ ಬೇಕಿಲ್ಲ. ಸಿಮ್ಯುಲೇಟರ್ ಓಡುತ್ತಿರುವಾಗ ಒಬ್ಬ ಟ್ರೈನಿ ತಂತ್ರಜ್ಞನನ್ನು ಸೂಪರ್‌ವೈಸರ್ ಮೇಜಿನ ಬಳಿ ಕೂರಿಸಿ, ನಿರ್ವಹಣೆಗೆ ಅನುಮತಿ ಕೇಳಲು ಹೇಳಿ, ನಡುವೆ ಒಂದು ಸೇವೆ ಬೀಳಿಸಿದರೆ ಸಾಕು. 2023ರ ಆಗಸ್ಟ್ 28ರಂದು ಬ್ರಿಟನ್ನಿನ ಫ್ಲೈಟ್ ಪ್ಲಾನ್ ವ್ಯವಸ್ಥೆ, ಒಂದೇ ಹೆಸರಿನ ಎರಡು ಮಾರ್ಗಬಿಂದುಗಳಿದ್ದ ಒಂದು ಯೋಜನೆಯನ್ನು ಅರ್ಥಮಾಡಿಕೊಳ್ಳಲಾಗದೆ ನಿಂತಿತು. ಬ್ಯಾಕಪ್‌ಗೂ ಅದೇ ಯೋಜನೆ ಹೋಗಿ ಅದೂ ನಿಂತಿತು. 7 ಲಕ್ಷಕ್ಕೂ ಹೆಚ್ಚು ಪ್ರಯಾಣಿಕರಿಗೆ ತೊಂದರೆಯಾಯಿತು. ಅಂಥ ದಿನ ಯಾರನ್ನು ಎಷ್ಟು ಹೊತ್ತಿಗೆ ಕರೆಯಬೇಕು, ಟ್ರಾಫಿಕ್ ಯಾವಾಗ ಕಡಿಮೆ ಮಾಡಬೇಕು ಎಂಬ ನಿರ್ಧಾರಕ್ಕೆ ಎರಡೂ ಕಡೆಯವರು ಒಟ್ಟಿಗೆ ಬೇಕು. ಹಾಗಾಗಿ ನನ್ನ ಸಲಹೆ: ಮೂಲ ಮತ್ತು ರೇಟಿಂಗ್ ತರಬೇತಿ ಬೇರೆಬೇರೆ ಇರಲಿ, ಅಸಾಮಾನ್ಯ ಸನ್ನಿವೇಶದ ಅಭ್ಯಾಸ ಜಂಟಿಯಾಗಿ ನಡೆಯಲಿ.

ಸಿದ್ಧ ಪ್ಯಾಕೇಜ್ ಕೊಳ್ಳುವವರಿಗೆ

ಐಕಾವೊ ಚೌಕಟ್ಟು ಒಂದು ಅಚ್ಚು ಮಾತ್ರ. ಅದರಿಂದ ನಿಮ್ಮ ಕೇಂದ್ರಕ್ಕೆ ಹೊಂದುವ ಮಾದರಿಯನ್ನು ನೀವೇ ಎರಕ ಹೊಯ್ಯಬೇಕು ಎಂದು ಆ ಡಾಕ್ಯುಮೆಂಟೇ ಹೇಳುತ್ತದೆ. ಸಿದ್ಧ ಪ್ಯಾಕೇಜ್ ಮಾರುವವರು ಬಂದಾಗ ಇಷ್ಟು ಕೇಳಿ: ನಮ್ಮ ಸೆಕ್ಟರ್‌ಗೆ ಹೊಂದಿಸಿದ ಸಾಮರ್ಥ್ಯ ಮಾದರಿಯನ್ನು ಯಾರು ಬರೆಯುತ್ತಾರೆ, ನಮ್ಮವರು ಎಷ್ಟು ಜನ ಅದರಲ್ಲಿ ಕೂರಬೇಕು? ಮಧ್ಯಂತರ ಮಟ್ಟ ಮುಟ್ಟದ ಟ್ರೈನಿಗೆ ಏನು ಮಾಡುತ್ತೀರಿ, ಎಷ್ಟು ಹೆಚ್ಚುವರಿ ಅಭ್ಯಾಸ ಬೆಲೆಯಲ್ಲಿ ಸೇರಿದೆ? ಅಸೆಸರ್‌ಗಳ ಅಳತೆ ಹೊಂದಿಸುವುದು ಹೇಗೆ? ಒಂದು ನಿಜವಾದ, ಹೆಸರು ಅಳಿಸಿದ ಮೌಲ್ಯಮಾಪನ ಹಾಳೆ ತೋರಿಸುತ್ತೀರಾ? ಕೊನೇ ಪ್ರಶ್ನೆಗೆ ತಡವರಿಸಿದರೆ ಚಹಾ ಕುಡಿಸಿ ಕಳಿಸಿಬಿಡಿ.

ಯಾರಿಗೆ ಇದು ಬೇಡ

ಎಲ್ಲರಿಗೂ ಇದನ್ನೇ ಹೇಳಲಾರೆ. ಬೆರಳೆಣಿಕೆಯ ಸಿಬ್ಬಂದಿ, ಒಬ್ಬರೋ ಇಬ್ಬರೋ ಇನ್‌ಸ್ಟ್ರಕ್ಟರ್ ಇರುವ ಸಣ್ಣ ಟವರ್‌ಗೆ ಪೂರ್ಣ ಪ್ರಮಾಣದ ಸಾಮರ್ಥ್ಯ ವ್ಯವಸ್ಥೆ ಹೊರೆಯಾಗುತ್ತದೆ. ಅಂಥಲ್ಲಿ ಪಠ್ಯಕ್ರಮ ಮತ್ತು ಗಂಟೆಗಳನ್ನೇ ಇಟ್ಟುಕೊಂಡು, ಮೂರು ಮೈಲಿಗಲ್ಲು ಮತ್ತು ಒಂದು ಪುಟದ ಅವಲೋಕನ ಹಾಳೆ ಸೇರಿಸಿದರೆ ಅರ್ಧಕ್ಕಿಂತ ಹೆಚ್ಚು ಲಾಭ ಸಿಗುತ್ತದೆ. ಹೊರಗಿನ ಅಸೆಸರ್ ಒಬ್ಬರನ್ನು ಇನ್ನೊಂದು ಕೇಂದ್ರದಿಂದ ಎರವಲು ತನ್ನಿ.

ತರಬೇತಿ ಬೇಗ ಮುಗಿಯುತ್ತದೆ ಎಂಬ ಆಸೆಗೂ ಇದನ್ನು ಆಯ್ದುಕೊಳ್ಳಬೇಡಿ. ಚುರುಕಿನವರಿಗೆ ಬೇಗ ಮುಗಿಯಬಹುದು, ಉಳಿದವರಿಗೆ ಉದ್ದವಾಗುತ್ತದೆ, ರೋಸ್ಟರ್ ಹಾಕುವವರು ಶಪಿಸುತ್ತಾರೆ. ಟ್ರೈನಿ ಮಟ್ಟ ಮುಟ್ಟದಿದ್ದರೆ ಎಲ್ಲಿಗೆ ನಿಲ್ಲಿಸುವುದು ಎಂಬ ಗರಿಷ್ಠ ಮಿತಿಯನ್ನು ಮೊದಲ ದಿನವೇ ಬರೆದು ಕೊಡಬೇಕು. ಇಲ್ಲದಿದ್ದರೆ "ಇನ್ನೊಂದು ತಿಂಗಳು ನೋಡೋಣ" ಎಂದು ಎಳೆದಾಡುತ್ತ, ಕೊನೆಗೆ ಕಳಿಸುವಾಗ ಇಬ್ಬರಿಗೂ ಕಹಿ. ಈ ವಿಷಯದಲ್ಲಿ ಮಾತ್ರ ಸಾಮರ್ಥ್ಯ ಪದ್ಧತಿಯ ದಾಖಲೆಗಳು ಟ್ರೈನಿಯ ಪರವಾಗಿಯೂ ಕೆಲಸ ಮಾಡುತ್ತವೆ: ಯಾವುದರಲ್ಲಿ ಹಿಂದಿದ್ದೇನೆ ಎಂದು ಅವರಿಗೆ ಮೊದಲೇ ಗೊತ್ತಿರುತ್ತದೆ, ಇನ್‌ಸ್ಟ್ರಕ್ಟರ್‌ಗೆ ತನ್ನ ಮುಖ ಕಂಡರಾಗದು ಎಂಬ ಅನುಮಾನಕ್ಕೆ ಜಾಗ ಕಡಿಮೆ.

ವೃತ್ತಿ ಆಯ್ದುಕೊಳ್ಳುವವರಿಗೆ ಎರಡು ಮಾತು

ಕಂಟ್ರೋಲರ್ ಲೈಸೆನ್ಸಿಗೆ ಅನೆಕ್ಸ್ 1ರ ಪ್ರಕಾರ ಕನಿಷ್ಠ 21 ವರ್ಷ ಆಗಿರಬೇಕು, ಮೂರನೇ ವರ್ಗದ ವೈದ್ಯಕೀಯ ಪ್ರಮಾಣಪತ್ರ ಬೇಕು, ರೇಡಿಯೊದಲ್ಲಿ ಬಳಸುವ ಭಾಷೆಯಲ್ಲಿ ಕನಿಷ್ಠ 4ನೇ ಹಂತದ ಪ್ರಾವೀಣ್ಯ ಬೇಕು. 4ನೇ ಹಂತದವರು ಮೂರು ವರ್ಷಕ್ಕೊಮ್ಮೆ, 5ನೇ ಹಂತದವರು ಆರು ವರ್ಷಕ್ಕೊಮ್ಮೆ ಮರುಪರೀಕ್ಷೆಗೆ ಕೂರಬೇಕೆಂಬುದು ಶಿಫಾರಸು, 6ಕ್ಕೆ ಮರುಪರೀಕ್ಷೆ ಇಲ್ಲ. ಪ್ರಾಧಿಕಾರ ಗೊತ್ತುಮಾಡಿದ ಅವಧಿಗಿಂತ ಹೆಚ್ಚು ಕಾಲ ಆ ಕೆಲಸದಿಂದ ದೂರ ಉಳಿದರೆ ರೇಟಿಂಗ್ ಹೋಗುತ್ತದೆ, ಆ ಅವಧಿ ಆರು ತಿಂಗಳು ಮೀರುವಂತಿಲ್ಲ. ಅಟ್ಸೆಪ್‌ಗೆ ಇಷ್ಟು ಬಾಗಿಲುಗಳಿಲ್ಲ, ಎಲೆಕ್ಟ್ರಾನಿಕ್ಸ್ ಮತ್ತು ನೆಟ್‌ವರ್ಕ್ ಗಟ್ಟಿಯಿದ್ದರೆ ಒಳಗೆ ಬರಬಹುದು. ಆದರೆ ಒಳಬಂದ ಮೇಲೆ ಕಲಿಕೆ ನಿಲ್ಲುವುದಿಲ್ಲ, ಉಪಕರಣ ಬದಲಾದಾಗಲೆಲ್ಲ ಹೊಸ ರೇಟಿಂಗ್.

ಕ್ಷಣಕ್ಷಣಕ್ಕೂ ನಿರ್ಧಾರ ಬೇಡುವ, ಶಿಫ್ಟ್ ಮುಗಿದರೆ ಅಲ್ಲಿಗೇ ಮುಗಿಯುವ ಕೆಲಸ ಒಗ್ಗುವವರಿಗೆ ಹೆಡ್‌ಸೆಟ್. ಬಹಳ ಹೊತ್ತು ಏನೂ ಆಗದೆ ಇದ್ದು, ಆದಾಗ ನಿಧಾನವಾಗಿ, ಸಾಲಾಗಿ ಯೋಚಿಸಬಲ್ಲವರಿಗೆ ಉಪಕರಣ ಕೋಣೆ. ಯಾವುದಕ್ಕೆ ಹೋದರೂ ಸಂದರ್ಶನದ ಕೊನೆಗೆ "ನಿಮಗೆ ಏನಾದರೂ ಕೇಳುವುದಿದೆಯೇ" ಎಂದಾಗ, ನನ್ನ ಇನ್‌ಸ್ಟ್ರಕ್ಟರ್‌ಗೆ ಕಲಿಸಲು ಯಾರು ಕಲಿಸಿದರು ಎಂದು ಕೇಳಿ ನೋಡಿ.